ಭವಿಷ್ಯವಿಲ್ಲದ ಊರಿನಲ್ಲೊಂದು ಮನೆ

“ಮಂಡಿ ಎತ್ತಿ ತುಳಿಯೇ, ಕಿಲಿನಾ! ಮಣ್ಣಿಗೇನು ಮುದ್ದು ಮಾಡ್ತಿದೀಯಾ?”

ಊರಿಗೆಲ್ಲ ಅತ್ತೆಯಾದ ಸ್ತೆಪನೀದಾ ಅತ್ತೆ ಬಕೆಟ್ ನೀರನ್ನು ಮಣ್ಣಿಗೆ ಸುರಿಯುವ ಬದಲು ನನ್ನ ಬೆನ್ನಿಗೆ ಸುರಿದಳು. ಬೇಕಂತಲೇ. ಸುತ್ತ ನಿಂತ ಹೆಂಗಸರು ಕೇಕೆ ಹಾಕಿದರು. ನಾನು ಲಂಗವನ್ನು ಇನ್ನಷ್ಟು ಮೇಲಕ್ಕೆ ಸಿಕ್ಕಿಸಿ, ಸಿವ್ಕೋ ಕುದುರೆಯ ಲಗಾಮು ಹಿಡಿದು, ಗೋಧಿಹುಲ್ಲು ಬೆರೆತ ಜೇಡಿಮಣ್ಣಿನ ದುಂಡನೆಯ ಕೆಸರಿನಲ್ಲಿ ಮತ್ತೊಂದು ಸುತ್ತು ಹೊರಟೆ. ಕಾಲು ಇಳಿಯುವಾಗ ತಣ್ಣಗೆ, ಏಳುವಾಗ ಪಚಕ್. ಕುದುರೆ ನನಗಿಂತ ಗಂಭೀರವಾಗಿ ತುಳಿಯುತ್ತಿತ್ತು.

“ಕುದುರೆ ಫಾರಂದು, ಅದಕ್ಕೆ ಮೇವು ಸಿಗುತ್ತೆ. ನಂಗೇನು ಸಿಗುತ್ತೆ?” ಎಂದೆ.

“ನಿಂಗೆ ಗಂಡ ಸಿಕ್ಕಿದಾನಲ್ಲ,” ಎಂದಳು ಅತ್ತೆ. “ಅವನೂ ಫಾರಂದೇ. ಮೇವು ಮಾತ್ರ ನೀನೇ ಹಾಕ್ಬೇಕು.”

ಛಾವಣಿಯ ಮೇಲೆ ಜೊಂಡು ಕಟ್ಟುತ್ತಿದ್ದ ನನ್ನ ಗಂಡ ತೊದೋಸ್ ಅದನ್ನು ಕೇಳಿಸಿಕೊಂಡು, ಒಂದು ಕಟ್ಟು ಜೊಂಡು ಸರಿಯಾಗಿ ಅತ್ತೆಯ ತಲೆವಸ್ತ್ರದ ಮೇಲೆ ಬೀಳುವಂತೆ ಜಾರಿಬಿಟ್ಟ. ಅತ್ತೆ ಮೇಲೆ ನೋಡಿ ಅವನ ವಂಶದ ಬಗ್ಗೆ ಒಂದೆರಡು ಮಾತಾಡಿದಳು. ಆಕೆ ಊರಿನ ಕಜಾಕರ ಮೂಲೆಯವಳು, ಯಾರಿಗೂ ಜೀತ ಮಾಡದ ಸವಾರರ ವಂಶ; ನನ್ನ ಗಂಡನ ಮನೆಯವರು ಧಣಿಯ ಜೀತಕ್ಕಿದ್ದವರು, ಜೀತದ ಮೂಲೆಯವರು. ಧಣಿಗಳು ಹೋಗಿ ಅರವತ್ತು ವರ್ಷವಾಗುತ್ತ ಬಂದರೂ ನಮ್ಮ ತೆರ್ನೊವಾದಲ್ಲಿ ಜಗಳ ಶುರುವಾದರೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

“ನಮ್ಮ ತಾತಂದಿರು ಯಾರ ಮುಂದೂ ಟೋಪಿ ತೆಗೆದೋರಲ್ಲ ಕಣೋ!” ಎಂದಳು ಅತ್ತೆ.

“ತೆಗೆದಿದ್ರೆ ಹೇನು ಉದುರ್ತಿದ್ವು,” ಎಂದಳು ಹಾಪ್ಕಾ ಅಜ್ಜಿ, ಕೂತಲ್ಲಿಂದಲೇ, ತಲೆ ಎತ್ತದೆ.

ಹಾಪ್ಕಾ ತೊದೋಸನ ಅಜ್ಜಿ, ಅವನ ತಾಯಿಯ ತಾಯಿ. ಅವನನ್ನು ಸಾಕಿದವಳು. ಒಲೆಯ ಅಡಿಪಾಯಕ್ಕೆ ಇಟ್ಟಿಗೆ ಜೋಡಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡದೆ ಬೆಳಗಿನಿಂದ ತಾನೇ ಕೂತಿದ್ದಳು.

ಅಂದು ಭಾನುವಾರ. ಬೀಟ್‌ರೂಟ್ ಹೊಲದ ಮೊದಲ ಕಳೆ ಮುಗಿದಿತ್ತು. ಊರೆಲ್ಲ ದುಡಿಯುವ ಸಾಮೂಹಿಕ ಫಾರಂನ ಅಧ್ಯಕ್ಷ ಮಕಾರ್ ಸಾವೊವಿಚ್ ಜಿಲ್ಲಾ ಕೇಂದ್ರಕ್ಕೆ ಸಭೆಗೆ ಹೋಗಿದ್ದರು. ಸಭೆ ಮಧ್ಯಾಹ್ನಕ್ಕೆ ಮುಗಿದರೂ ಸಭೆಯ ನಂತರದ ಊಟ ಸಂಜೆಗೆ ಮುಂಚೆ ಮುಗಿಯುವುದಿಲ್ಲ ಎಂಬುದು ಅವರ ಜೀಪಿನ ಚಾಲಕನೇ ಹೇಳಿದ ಮಾತು. ನಮಗೆ ಬೇಕಿದ್ದುದು ಅಷ್ಟೇ, ಒಂದು ಹಗಲು. ಊರೆಲ್ಲ ಸೇರಿ ಮುಯ್ಯಾಳು ಕಟ್ಟಿದರೆ ಒಂದು ಹಗಲಿಗೆ ಒಂದು ಮನೆ. ಕೂಲಿ ಇಲ್ಲ, ಊಟ ಉಂಟು. ಇವತ್ತು ನಮ್ಮದಕ್ಕೆ ಅವರು, ನಾಳೆ ಅವರದಕ್ಕೆ ನಾವು. ಆದರೆ ನಮ್ಮ ಊರಿನಲ್ಲಿ ಆ ನಾಳೆಯನ್ನೇ ರದ್ದು ಮಾಡಿದ್ದರು.

ತೆರ್ನೊವಾ ಭವಿಷ್ಯವಿಲ್ಲದ ಊರು. ಇದು ಬೈಗುಳವಲ್ಲ, ಸರ್ಕಾರಿ ಪದ. ಊರುಗಳನ್ನು ಎರಡು ಬಗೆ ಮಾಡಿ, ಭವಿಷ್ಯ ಇರುವಂಥವು, ಇಲ್ಲದಂಥವು ಎಂದು ಯಾರೋ ವಿಂಗಡಿಸಿದರು. ನಾವು ಎರಡನೆಯದಕ್ಕೆ ಬಿದ್ದೆವು. ಮೊದಲು ಶಾಲೆ ಹೋಯಿತು, ಆಮೇಲೆ ಅಂಗಡಿ, ಆಮೇಲೆ ಬಸ್ಸು. ಜಿಲ್ಲಾ ಕಚೇರಿಯ ಗೋಡೆಯ ಹೊಸ ನಕ್ಷೆಯಲ್ಲಿ ನಮ್ಮ ಕಣಿವೆ ಇದೆ, ಕಣಿವೆಯ ತಳದ ತೊರೆ ಇದೆ, ದಿಬ್ಬದ ಮೇಲಿನ ಹಳೆಯ ಸಮಾಧಿಗುಡ್ಡವೂ ಇದೆ, ಯಾವ ಕಾಲದ ಯಾವ ಕುದುರೆಸವಾರರದ್ದೋ. ಅವರಿಗೆ ನಕ್ಷೆಯಲ್ಲಿ ಜಾಗ ಉಂಟು. ನಮಗಿಲ್ಲ. ನಾನು ಹಾಲಿನ ಲೆಕ್ಕ ಕೊಡಲು ಹೋದಾಗಲೆಲ್ಲ ಆ ನಕ್ಷೆಯ ಮುಂದೆ ನಿಲ್ಲುತ್ತಿದ್ದೆ. ನಮ್ಮ ಮನೆ ಇರಬೇಕಾದ ಕಡೆ ತಿಳಿ ಹಸಿರು ಬಣ್ಣ. ಒಂದು ಸಲ ಅದರ ಮೇಲೆ ಉಗುರಿನಿಂದ ಗೀರಿದ್ದೆ. ಬಣ್ಣ ಗಟ್ಟಿಯಾಗಿತ್ತು, ಕಿತ್ತುಬರಲಿಲ್ಲ.

ಭವಿಷ್ಯವಿಲ್ಲದ ಊರಿನಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯದರ ರಿಪೇರಿಗೆ ಒಂದು ಹಲಗೆಯೂ ಸಿಗುವುದಿಲ್ಲ. ಯಾರಾದರೂ ಸತ್ತರೆ, ಅಥವಾ ಊರು ಬಿಟ್ಟರೆ, ಮರುವಾರ ಬುಲ್ಡೋಜರ್ ಬಂದು ಮನೆಯನ್ನು ಬಾವಿಯೊಳಕ್ಕೆ ತಳ್ಳಿ ಹೋಗುತ್ತದೆ. ಮನೆಯೂ ಇಲ್ಲ, ಬಾವಿಯೂ ಇಲ್ಲ. ಹಾಪ್ಕಾ ಅಜ್ಜಿಯ ಮನೆಯ ನಡುತೊಲೆ ಕಳೆದ ಚಳಿಗಾಲದಲ್ಲಿ ಸೀಳಿತು. ಆ ಒಂದೇ ಕೋಣೆಯಲ್ಲಿ ಒಂದು ಪರದೆಯ ಈಚೆ ನಾನು ಮತ್ತು ತೊದೋಸ್, ಆಚೆ ಅಜ್ಜಿ. ತೊಲೆಗೆ ಆಸರೆ ಕೊಟ್ಟ ಕಂಬ ಪರದೆಯ ನಡುವೆಯೇ ಬಂದಿತ್ತು. ಇನ್ನೊಂದು ಹಿಮಗಾಲ ಅದು ತಡೆಯುವುದಿಲ್ಲ. ತೊಲೆ ಬಿದ್ದರೆ ನಾವು ಮೂವರೂ ಹತ್ತು ಮೈಲಿ ಆಚೆಯ ಜೊರ್ಯಾಕ್ಕೆ, ಫಾರಂನ ಕೇಂದ್ರಕ್ಕೆ, ಅಟ್ಟ ಅಟ್ಟವಾಗಿ ಕಟ್ಟಿದ ಬಿಳಿ ಇಟ್ಟಿಗೆಯ ಗೂಡುಗಳಿಗೆ ಹೋಗಲೇಬೇಕು. ನಾವು ಹೋದರೆ ಜೀತದ ಮೂಲೆಯಲ್ಲಿ ಹೊಗೆಯೇಳುವ ಮನೆ ಇನ್ನೊಂದು ಉಳಿಯುವುದಿಲ್ಲ.

ಆದರೆ ಒಂದು ಮಾತಿದೆ. ಒಲೆ ಉರಿಯುತ್ತಿರುವ ಮನೆಯ ಮೇಲೆ ನಮ್ಮ ಕಡೆ ಯಾರೂ ಯಂತ್ರ ಹತ್ತಿಸುವುದಿಲ್ಲ. ಯಾವ ಕಾಯಿದೆಯಲ್ಲೂ ಇದು ಇಲ್ಲ. ಕಳೆದ ಶರತ್ಕಾಲದಲ್ಲಿ ಬುಲ್ಡೋಜರಿನವನು ಒಂದು ಖಾಲಿ ಮನೆ ಎಂದುಕೊಂಡು ಬಂದವನು, ಚಿಮಣಿಯಲ್ಲಿ ಹೊಗೆ ಕಂಡು, ಎಂಜಿನ್ ಆರಿಸಿ, ಶಿಲುಬೆ ಗುರುತು ಮಾಡಿಕೊಂಡು ವಾಪಸು ಹೋದ. ಕಮ್ಯುನಿಸ್ಟ್ ಪಕ್ಷದ ಸದಸ್ಯ ಅವನು, ದೇವರನ್ನು ನಂಬಬಾರದವನು! ಒಳಗೆ ಒಬ್ಬ ಬೇಟೆಗಾರ ಬಾತುಕೋಳಿ ಬೇಯಿಸುತ್ತಿದ್ದನಷ್ಟೆ. ಹಾಗಾಗಿ ನಮ್ಮ ಯೋಜನೆ ಸರಳ. ಅಧ್ಯಕ್ಷರು ಬರುವಷ್ಟರಲ್ಲಿ ನಾಲ್ಕು ಗೋಡೆ, ಒಂದು ಒಲೆ, ಒಲೆಯಲ್ಲಿ ಬೆಂಕಿ.

ಚೌಕಟ್ಟು ಮೊದಲೇ ನಿಂತಿತ್ತು. ಅದನ್ನು ನಿಲ್ಲಿಸುವಾಗ ಅಧ್ಯಕ್ಷರು ಒಮ್ಮೆ ಜೀಪು ನಿಲ್ಲಿಸಿ ಕೇಳಿದ್ದರು.

“ಏನಿದು, ತೊದೋಸ್?”

“ಆಡಿನ ಕೊಟ್ಟಿಗೆ, ಮಕಾರ್ ಸಾವೊವಿಚ್.”

“ಆಡಿಗೆ ಮೂರು ಕಿಟಕಿ ಯಾಕೆ?”

“ಒಂದರಲ್ಲೇ ನೋಡಿ ನೋಡಿ ಬೇಜಾರಾಗುತ್ತಂತೆ.”

ಅವರು ನಗದೆ ಹೋಗಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಮಗೆ ಸುಲಭವಾಗುತ್ತಿತ್ತು.

ಆ ಕಿಟಕಿಗಳು ಮುಚ್ಚಿದ ಶಾಲೆಯವು. ಒಂದರ ಚೌಕಟ್ಟಿನಲ್ಲಿ ನಾನೇ ಚಾಕುವಿನಿಂದ ಕೆತ್ತಿದ ಒಂದು ಬಾತುಕೋಳಿ ಇದೆ, ಅದಕ್ಕಾಗಿ ಮೂಲೆಯಲ್ಲಿ ನಿಂತಿದ್ದೆ. ನಡುತೊಲೆ ಚರ್ಚಿನದು. ಚರ್ಚು ಮೊದಲು ಕಣಜವಾಯಿತು, ಕಣಜ ಬಿದ್ದ ಮೇಲೆ ಅದರ ಓಕ್ ಮರ ದನದ ಕೊಟ್ಟಿಗೆಗೆ ಹೋಯಿತು, ಕೊಟ್ಟಿಗೆ ಕುಸಿದ ಮೇಲೆ ನಮ್ಮ ಹಿತ್ತಿಲಿಗೆ ಬಂತು. ಅಜ್ಜಿ ಜೋಡಿಸುತ್ತಿದ್ದ ಇಟ್ಟಿಗೆಗಳ ಮೇಲೆ ಧಣಿಯ ಹೆಸರಿನ ಮೊದಲಕ್ಷರದ ಅಚ್ಚು ಇತ್ತು. ಅವನು ಕುದುರೆ ಸಾಕುತ್ತಿದ್ದ. ಲಾಯ ಸುಟ್ಟವರು ನಮ್ಮವರೇ, ಇಟ್ಟಿಗೆ ಹೊತ್ತು ತಂದವರೂ ನಮ್ಮವರೇ. ಸ್ತೆಪನೀದಾ ಅತ್ತೆಯ ಕೈಯ ಬಕೆಟ್ಟು ಜರ್ಮನ್ ಸೈನ್ಯದ್ದು. ಯುದ್ಧ ನಮ್ಮ ಕಣಿವೆಯನ್ನು ಹೋಗುವಾಗೊಮ್ಮೆ ಬರುವಾಗೊಮ್ಮೆ ದಾಟಿತು, ಬರುವಾಗ ಕಜಾಕರ ಮೂಲೆಯನ್ನು ಪೂರ್ತಿ ಸುಟ್ಟಿತು. ಆ ಮೂಲೆಯ ಈಗಿನ ಮನೆಗಳೆಲ್ಲ ಆಮೇಲೆ ಮುಯ್ಯಾಳಿನಲ್ಲೇ ಎದ್ದವು.

“ಆಗ ಈ ಮಣ್ಣಲ್ಲಿ ಒಂದೇ ಒಂದು ಗಂಡ್ಸಿನ ಕಾಲು ಇರ್ಲಿಲ್ಲ,” ಎನ್ನುತ್ತಾಳೆ ಅತ್ತೆ. “ನಾವೇ ತುಳಿದ್ವಿ. ಹಸು ನಾವೇ, ಕುದುರೆ ನಾವೇ. ಅದಕ್ಕೇ ನೋಡು ಗೋಡೆ ಎಲ್ಲಾ ನೆಟ್ಟಗಿವೆ.”

ಮಧ್ಯಾಹ್ನಕ್ಕೆ ಮೂರು ಗೋಡೆ ಎದ್ದಿದ್ದವು. ಹುಲ್ಲು ಕಲಸಿದ ಮಣ್ಣನ್ನು ಮಗುವಿನ ಗಾತ್ರದ ಉಂಡೆ ಮಾಡಿ, ಕೈಯಿಂದ ಕೈಗೆ ದಾಟಿಸಿ, ಚೌಕಟ್ಟಿನ ತಡಿಕೆಗೆ ಬಡಿದು ಕೂರಿಸುವುದು. ಎಸೆಯುವವರಿಗೂ ಹಿಡಿಯುವವರಿಗೂ ನಡುವೆ ಬೈಗುಳ ನಿಲ್ಲಬಾರದು, ನಿಂತರೆ ಕೆಲಸ ನಿಲ್ಲುತ್ತದೆ. ಒಲೆಯೂ ಸಿದ್ಧವಾಗುತ್ತಿತ್ತು. ಒಳಗೆ ವಿಲೋ ಮರದ ಹಲಗೆಗಳ ಕಮಾನು ಅಚ್ಚು ಇಟ್ಟು, ಅದರ ಮೇಲೆ ಜೇಡಿಮಣ್ಣು ಹಾಕಿ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಆಮೇಲೆ ಅಚ್ಚನ್ನು ಬಿಚ್ಚುವುದಿಲ್ಲ, ಅದಕ್ಕೇ ಬೆಂಕಿ ಹಚ್ಚುತ್ತಾರೆ. ಅಚ್ಚು ಉರಿದು ಹೋದ ಜಾಗವೇ ಒಲೆ.

ಸೇಬಿನ ಮರದ ಕೆಳಗೆ ಬಕೆಟ್ಟಿನಲ್ಲಿ ಬೀಟ್‌ರೂಟ್ ಸಾರು, ಬಾಣಲೆಯಲ್ಲಿ ಈರುಳ್ಳಿ ಹಾಕಿ ಹುರಿದ ಹಂದಿಕೊಬ್ಬು, ಚೆರ್ರಿ ತುಂಬಿದ ಕಡುಬು. ಅತ್ತೆ ಮನೆಯಲ್ಲೇ ಬಟ್ಟಿ ಇಳಿಸಿದ ಸಾರಾಯಿಯನ್ನು ಹಾಲಿನ ಕ್ಯಾನಿನಲ್ಲಿ ತಂದಿದ್ದಳು. ಅದರ ಮೇಲೆ ಚೀಲ ಮುಚ್ಚಿ, ಆ ಚೀಲದ ಮೇಲೆ ಅಳಿಯ ಲೆವ್ಕೋನನ್ನು ಕೂರಿಸಿದ್ದಳು.

ಲೆವ್ಕೋ ಮನೆಅಳಿಯ. ನದಿಯಾಚೆಯ ಊರಿನಿಂದ ಎರಡು ಚಳಿಗಾಲದ ಹಿಂದೆ ಬಂದು ಅತ್ತೆಯ ಮನೆ ಸೇರಿದವನು. ನಮ್ಮ ಕಡೆ ಮನೆಅಳಿಯನ ಪಾಡು ಬೆಕ್ಕಿಗಿಂತ ಒಂದು ಮೆಟ್ಟಿಲು ಕೆಳಗೆ. ಬೆಕ್ಕಿಗಾದರೂ ಒಲೆಯ ಮೇಲಿನ ಬೆಚ್ಚನೆಯ ಕಟ್ಟೆಯಲ್ಲಿ ಮಲಗಲು ಬಿಡುತ್ತಾರೆ. ಅವನು ಯಾವಾಗಲೂ ಏನಾದರೂ ಹೆಚ್ಚಿನ ಕೆಲಸ ಮಾಡಿ ತೋರಿಸಲು ಕಾಯುತ್ತಿದ್ದ.

“ಮಣ್ಣು ಸಾಲಲ್ಲ,” ಎಂದ ತೊದೋಸ್ ಸಾರು ಕುಡಿಯುತ್ತಾ. “ಉತ್ತರದ ಗೋಡೆಗೆ ಇನ್ನೊಂದು ಟ್ರೇಲರ್ ಬೇಕು.”

“ನಾನು ತರ್ತೀನಿ,” ಎಂದು ಲೆವ್ಕೋ ಎದ್ದೇಬಿಟ್ಟ.

“ಕೂತ್ಕೋ, ಉಂಡು ಹೋಗು.”

“ಉಣ್ಣೋದೇನು, ಬಂದು ಉಣ್ತೀನಿ. ನೀವು ಮಾತಾಡ್ತಾ ಇರಿ.” ಟ್ರಾಕ್ಟರ್ ಹತ್ತಿ ಹೊರಟ. ಅತ್ತೆ ಅವನ ಬೆನ್ನಿಗೆ, “ನೋಡ್ರೇ, ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ನೋ ಈ ಚುರುಕು,” ಎಂದಳು. ಆದರೆ ಅವಳ ಮುಖ ಹಿಗ್ಗಿತ್ತು.

ಅವನು ತುಂಬಾ ಬೇಗ ಬಂದ. ಆಗಲೇ ನಮಗೆ ಹೊಳೆಯಬೇಕಿತ್ತು. ನಾವು ಮಣ್ಣು ತರುವ ಗುಂಡಿ ಕಣಿವೆಯ ಬಾಯಲ್ಲಿದೆ, ದಾರಿ ಕೊರಕಲು, ಹೋಗಿ ಬರುವಷ್ಟರಲ್ಲಿ ಒಂದು ಹಸು ಕರೆದು ಮುಗಿಸಬಹುದು. ಲೆವ್ಕೋ ಹೋದ, ಬಂದ. ಟ್ರೇಲರ್ ಎತ್ತಿ ಸುರಿದ. ಎಂಥ ಮಣ್ಣು! ಬೆಣ್ಣೆಯಂತೆ, ಕಲ್ಲಿಲ್ಲ, ಬೇರಿಲ್ಲ, ಹಳದಿಯ ನಡುವೆ ನೀಲಿ ಎಳೆ. ಯಾರೂ ಎಲ್ಲಿಂದ ಎಂದು ಕೇಳಲಿಲ್ಲ. ಬೆಳಗಿನ ಮಣ್ಣಿನ ಉಳಿಕೆಯ ಮೇಲೆಯೇ ಸುರಿದು, ಹುಲ್ಲು ಚೆಲ್ಲಿ, ನೀರು ಹಾಕಿ, ನಾನು ಸಿವ್ಕೋನನ್ನು ಇಳಿಸಿದೆ.

ನಾಲ್ಕನೆಯ ಸುತ್ತಿಗೋ ಐದನೆಯದಕ್ಕೋ ನನ್ನ ಪಾದಕ್ಕೆ ಏನೋ ತಾಗಿತು. ಕಲ್ಲೆಂದುಕೊಂಡು ಬಗ್ಗಿ ತೆಗೆದೆ. ಕೊಂಬಿನ ಬಾಚಣಿಗೆ. ಹೆಂಗಸರು ಮುಡಿಗೆ ಸಿಕ್ಕಿಸುವಂಥದ್ದು. ಹಲ್ಲುಗಳೆಲ್ಲ ಹಾಗೇ ಇದ್ದವು.

“ಲೆವ್ಕೋ, ಇದೆಲ್ಲಿ ಸಿಕ್ತೋ ನಿಂಗೆ?” ಎಂದೆ ನಗುತ್ತಲೇ.

ಹಾಪ್ಕಾ ಅಜ್ಜಿ ಒಲೆಯ ಹತ್ತಿರದಿಂದ ಎದ್ದು ಬಂದಳು. ಬಾಚಣಿಗೆ ನೋಡಲಿಲ್ಲ. ಕೆಸರಿನ ಬಣ್ಣ ನೋಡಿದಳು. ಬಗ್ಗಿ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದಳು.

“ಎಲ್ಲಿ ಅಗೆದೆಯಪ್ಪಾ?” ಅವಳ ದನಿ ಮೆತ್ತಗಿತ್ತು.

“ಕಾಡು ಪಿಯರ್ ಮರ ಇವೆಯಲ್ಲ ಅಜ್ಜಿ, ಅಲ್ಲಿ. ಹತ್ರದಲ್ಲೇ ಇಷ್ಟು ಒಳ್ಳೇ ಗುಂಡಿ ಇಟ್ಕೊಂಡು ನೀವೆಲ್ಲ ಅಷ್ಟು ದೂರ ಯಾಕೆ ಹೋಗ್ತೀರಾ ಅಂತ...” ಅವನ ಮಾತು ಅಲ್ಲೇ ನಿಂತಿತು. ಏಕೆಂದರೆ ವಯಸ್ಸಾದ ಹೆಂಗಸರೆಲ್ಲ ಒಟ್ಟಿಗೆ ಕೆಸರಿನಿಂದ ಹಿಂದೆ ಸರಿದಿದ್ದರು.

ಕುದುರೆ ಮಾತ್ರ ಇನ್ನೊಂದು ಹೆಜ್ಜೆ ಇಟ್ಟಿತು. ನಾನು ಲಗಾಮು ಜಗ್ಗಿದೆ.

ಹಳೇ ಗುಂಡಿ. ಅಲ್ಲಿಗೆ ಹೋಗಬಾರದು ಎಂಬುದು ನಮಗೆಲ್ಲ ಗೊತ್ತಿತ್ತು, ನಡೆಯಲು ಕಲಿಯುವಾಗಲೇ ಗೊತ್ತಾಗಿತ್ತು. ನಾನೊಮ್ಮೆ ಆ ಮರಗಳ ಹಣ್ಣು ತಂದಾಗ ನನ್ನ ತಾಯಿ ಕೆನ್ನೆಗೆ ಬಾರಿಸಿ, ಹಣ್ಣನ್ನು ವಾಪಸು ಅಲ್ಲೇ ಇಡಲು ಕಳಿಸಿದ್ದಳು. ಯಾಕೆ ಎಂದು ಕೇಳಿದರೆ ಹಾವಿದೆ ಎಂದಿದ್ದಳು. ನಾನು ನಂಬಿದ್ದೆ, ಅಥವಾ ನಂಬಿದಂತೆ ಇದ್ದೆ. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಮೈ ಹೇಳುತ್ತದೆ. ಮನೆಅಳಿಯನಿಗೆ ಬಾಯಿಬಿಟ್ಟು ಹೇಳಬೇಕಿತ್ತು, ಯಾರೂ ಹೇಳಿರಲಿಲ್ಲ.

“ಅಲ್ಲಿ ಜನ ಇದಾರಪ್ಪ,” ಎಂದಳು ಅಜ್ಜಿ.

“ಹಾಪ್ಕಾ, ಮೆಲ್ಲಗೆ,” ಎಂದಳು ಸ್ತೆಪನೀದಾ ಅತ್ತೆ. ರಸ್ತೆಯ ಕಡೆ ನೋಡಿದಳು.

“ನಲವತ್ತು ವರ್ಷ ಮೆಲ್ಲಗೆ ಮಾತಾಡಿದೀನಿ, ಸ್ತೆಪನೀದಾ. ಅದಕ್ಕೇ ಈ ಹುಡುಗ ಹೋಗಿ ಅಲ್ಲಿ ಗುದ್ದಲಿ ಹಾಕಿದ್ದು.” ಅಜ್ಜಿಯ ದನಿ ಈಗ ಮೆತ್ತಗಿರಲಿಲ್ಲ. “ಮೂವತ್ಮೂರನೇ ಇಸವಿ. ಸರ್ಕಾರದೋರು ಬಂದು ಕಾಳು ತೊಗೊಂಡು ಹೋದ್ರು. ಆಮೇಲೆ ಹಿಟ್ಟು, ಆಮೇಲೆ ಬೀನ್ಸ್, ಆಮೇಲೆ ಮಡಕೇಲಿ ಬೇಯ್ತಿದ್ದದ್ದನ್ನ ಮಡಕೆ ಸಮೇತ. ವಸಂತದ ಹೊತ್ತಿಗೆ ಹಸಿವಿಂದ ಸತ್ತೋರನ್ನ ಹೊರೋಕೆ ಒಂದು ಗಾಡಿ ದಿನಾ ಬರ್ತಿತ್ತು. ಗುಂಡಿ ತೋಡೋಕೆ ಯಾರಿಗೂ ಶಕ್ತಿ ಇರ್ಲಿಲ್ಲ, ಅದಕ್ಕೇ ತೋಡಿದ ಗುಂಡಿಗೇ ಹಾಕಿದ್ರು. ಮಣ್ಣು ತರೋ ಗುಂಡಿಗೆ. ನನ್ನ ಲುಕಾಶ್ ಅಲ್ಲಿದಾನೆ. ಆಗಿನ್ನೂ ನಡೀತಿರ್ಲಿಲ್ಲ ಅವನು. ಸ್ತೆಪನೀದಾಳ ಅವ್ವ ಅಲ್ಲಿದಾಳೆ. ಹೇಳೇ, ಇಲ್ವಾ?”

ಸ್ತೆಪನೀದಾ ಅತ್ತೆ, ಇಡೀ ಜಿಲ್ಲೆಯಲ್ಲೇ ಬಾಯಿಗೆ ಹೆಸರಾದವಳು, ತುಟಿ ಕಚ್ಚಿ ಬಕೆಟ್ಟನ್ನು ಕೆಳಗಿಟ್ಟಳು. “ಅವ್ವ, ಇಬ್ರು ತಮ್ಮಂದಿರು,” ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನನ್ನ ತಾಯಿಯ ಮೇಲೆ, ಹಾವಿನ ಮೇಲೆ, ಶಾಲೆಯ ಮೇಲೆ. ಆ ಶಾಲೆಯಲ್ಲಿ ನಾನು ನಮ್ಮ ಫಾರಂನ ಇತಿಹಾಸ ಬರೆದು ಬಹುಮಾನ ತೆಗೆದುಕೊಂಡಿದ್ದೆ. ಅದರಲ್ಲಿ ಮೂವತ್ತೆರಡರ ನಂತರ ಮೂವತ್ನಾಲ್ಕು ಬರುತ್ತಿತ್ತು. ಮಂಡಿಯವರೆಗೂ ಕೆಸರಿನಲ್ಲಿ ನಿಂತು ನಾನು ಅಲುಗಾಡಲಿಲ್ಲ. ಕಾಲು ಎತ್ತಲು ನಾಚಿಕೆ, ಇಡಲೂ ನಾಚಿಕೆ.

ಲೆವ್ಕೋ ಟೋಪಿ ಕೈಯಲ್ಲಿ ಹಿಡಿದು ಅಳುತ್ತಿದ್ದ. “ನಂಗೆ ಗೊತ್ತಿರ್ಲಿಲ್ಲ ಅಜ್ಜಿ. ಯಾರಾದ್ರೂ ಹೇಳಿದ್ರೆ... ನಮ್ಮೂರಲ್ಲೂ ಇಂಥದ್ದೊಂದು ಗುಂಡಿ ಇದೆ. ಅಲ್ಲೂ ಹಾವಿದೆ ಅಂತಾನೇ ಹೇಳ್ತಾರೆ.”

“ಅಳ್ಬೇಡ. ಟ್ರೇಲರ್ ತಿರುಗಿಸು,” ಎಂದಳು ಅಜ್ಜಿ. “ವಾಪಸು ಇಡೋಣ.”

“ಅಜ್ಜಿ, ಬೆಳಗಿನ ಮಣ್ಣೂ ಸೇರಿಹೋಗಿದೆ,” ಎಂದ ತೊದೋಸ್ ಛಾವಣಿಯಿಂದ ಇಳಿದು ಬಂದು. ಅವನು ಸೂರ್ಯನನ್ನು ನೋಡಿದ, ಬರಿದಾದ ಉತ್ತರದ ಚೌಕಟ್ಟನ್ನು ನೋಡಿದ. “ಹುಲ್ಲೂ ಸೇರಿದೆ. ಅಷ್ಟನ್ನೂನಾ?”

“ಅಷ್ಟನ್ನೂ.”

“ಸಂಜೆಯೊಳಗೆ ಗೋಡೆ ಏಳಲ್ಲ ಹಾಗಾದ್ರೆ.”

“ಏಳ್ದಿದ್ರೆ ಬಿಡ್ಲಿ. ನನ್ನ ಮಗನ್ನ ಗೋಡೆಗೆ ಮೆತ್ತೋಕೆ ಬಿಡಲ್ಲ.”

ಸಲಿಕೆಯಿಂದ ಎತ್ತಿದೆವು, ಸಲಿಕೆ ಎತ್ತದ್ದನ್ನು ಕೈಯಿಂದ, ಕೈಗೆ ಬಾರದ್ದನ್ನು ಮರದ ಸೌಟಿನಿಂದ. ಕುದುರೆಯ ಕಾಲನ್ನು ಒಂದೊಂದಾಗಿ ಬಕೆಟ್ಟಿನಲ್ಲಿ ತೊಳೆದು, ಆ ನೀರನ್ನೂ ಟ್ರೇಲರಿಗೆ ಹಾಕಿದೆವು. ನನ್ನ ಕಾಲನ್ನು ಅಜ್ಜಿ ತೊಳೆದಳು. ನಾನೇ ತೊಳೆದುಕೊಳ್ಳುತ್ತೇನೆ ಎಂದರೂ ಬಿಡಲಿಲ್ಲ, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಪಿಯರ್ ಮರಗಳ ಕೆಳಗೆ, ಲೆವ್ಕೋ ಅಗೆದ ಹೊಸ ಗಾಯದೊಳಕ್ಕೆ ಎಲ್ಲವನ್ನೂ ಇಳಿಸಿದೆವು. ಬಾಚಣಿಗೆಯನ್ನೂ. ಯಾರದದು ಎಂದು ಲೆವ್ಕೋ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಹಾಲಿನ ಕ್ಯಾನಿನಿಂದ ಒಂದು ಲೋಟ ಸಾರಾಯಿ ಮಣ್ಣಿನ ಮೇಲೆ ಸುರಿದು, “ನಮ್ಮವ್ವ ಕುಡೀತಿರ್ಲಿಲ್ಲ. ಪಕ್ಕದೋರಿಗೆ ಕೊಡ್ಲಿ,” ಎಂದಳು. ಆಗ ನಾವು ನಕ್ಕೆವು. ಆ ಮರಗಳ ಕೆಳಗೆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಮತ್ತೆ ದೂರದ ಗುಂಡಿಗೆ ಹೋಗಿ, ಮಣ್ಣು ತಂದು, ತುಳಿದು, ಉತ್ತರದ ಗೋಡೆ ನನ್ನ ಭುಜದ ಎತ್ತರಕ್ಕೆ ಬರುವಷ್ಟರಲ್ಲಿ ಸೂರ್ಯ ಸಮಾಧಿಗುಡ್ಡದ ಮೇಲೆ ಕೂತಿದ್ದ. ಅದರ ಪಕ್ಕದಿಂದ ಧೂಳೆಬ್ಬಿಸಿಕೊಂಡು ಜೀಪು ಇಳಿಯಿತು.

ಮಕಾರ್ ಸಾವೊವಿಚ್ ಇಳಿದರು. ಕೋಟಿನ ಮೇಲೆ ಪದಕವಿತ್ತು, ಮುಖ ಊಟದಿಂದ ಕೆಂಪಾಗಿತ್ತು. ಮೂರೂ ಮುಕ್ಕಾಲು ಗೋಡೆಯ ಸುತ್ತ ಒಂದು ಸುತ್ತು ಬಂದರು. ಎಲ್ಲರೂ ಕೈಯ ಮಣ್ಣುಂಡೆ ಹಿಡಿದು ನಿಂತಿದ್ದರು.

“ಆಡಿನ ಕೊಟ್ಟಿಗೆ ಚೆನ್ನಾಗಿದೆ,” ಎಂದರು. “ತೊದೋಸ್, ನಾಳೆ ಯಂತ್ರ ಬರುತ್ತೆ. ನಾನು ಕಳಿಸದಿದ್ರೆ ನನ್ನ ಮೇಲಿನೋರು ಯಾರಾದ್ರೂ ಕಳಿಸ್ತಾರೆ.”

ನಾನು ಬಾಗಿಲಿನ ಜಾಗದಿಂದ ಒಳಗೆ ಹೋದೆ. ಒಲೆಯ ಮೇಲ್ಭಾಗ ಇನ್ನೂ ಹಸಿಯಾಗಿತ್ತು, ಅಜ್ಜಿಯ ಕೊಡತಿಯ ಗುರುತುಗಳು ಹೊಳೆಯುತ್ತಿದ್ದವು. ಬಾಯೊಳಗೆ ಹುಲ್ಲು ತುರುಕಿದೆ. ಮೊದಲ ಬೆಂಕಿಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ವಿಲೋ ಹಲಗೆ ಮೊದಲು ಬೆವರಿತು, ಆಮೇಲೆ ಸಿಡಿಯಿತು, ಆಮೇಲೆ ಉರಿಯಿತು. ಹೊಗೆ ಚಿಮಣಿಯಲ್ಲೂ ಹೋಯಿತು, ಮುಗಿಯದ ಗೋಡೆಯ ಮೇಲಿಂದಲೂ ಹೋಯಿತು. ಕೆಮ್ಮುತ್ತಾ ಹೊರಬಂದೆ. ಹೊರಗೆ ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಿದ್ದರು, ಜೀಪಿನ ಚಾಲಕನೂ.

ಅಧ್ಯಕ್ಷರು ಬೈಯಲಿಲ್ಲ. ಉಳಿದ ತೊಲೆಯ ತುಂಡಿನ ಮೇಲೆ ಕೂತು ಟೋಪಿ ತೆಗೆದರು. ಅವರಿಗೆ ತಟ್ಟನೆ ವಯಸ್ಸಾದಂತೆ ಕಂಡಿತು.

“ನಾನೂ ಇಂಥ ಮನೇಲೇ ಹುಟ್ಟಿದ್ದು ಕಿಲಿನಾ. ಬೆಂಕಿ ಮೇಲೆ ಯಂತ್ರ ಹತ್ಸು ಅಂತ ನಾನು ಯಾರಿಗೂ ಹೇಳಲ್ಲ. ಆದ್ರೆ ಕೇಳು. ಕಣಿವೆ ಬಾಯಿಗೆ ಕಟ್ಟೆ ಕಟ್ತಾರೆ. ಇವತ್ತಿನ ಸಭೇಲಿ ತೀರ್ಮಾನ ಆಯ್ತು. ಬೀಟ್‌ರೂಟ್‌ಗೆ ನೀರು ಬೇಕು. ಕೆರೆ ಏರುತ್ತೆ. ಪಿಯರ್ ಮರದವರೆಗೂ ಏರುತ್ತೆ.”

“ಅಲ್ಲಿ ಜನ ಇದಾರೆ,” ಎಂದಳು ಹಾಪ್ಕಾ ಅಜ್ಜಿ. ಒಂದೇ ದಿನದಲ್ಲಿ ಎರಡನೆಯ ಸಲ, ಈ ಸಲ ಅಧ್ಯಕ್ಷರ ಮುಖಕ್ಕೆ.

“ಗೊತ್ತು, ಹಾಪ್ಕಾ ಅಜ್ಜಿ.” ಅವರು ಟೋಪಿಯೊಳಗೆ ನೋಡಿದರು. “ನಾನು ಹುಡುಗ ಆಗ. ಪಕ್ಕದೂರು. ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ.”

ಅವರು ಕೋಟಿನ ಜೇಬಿನಿಂದ ಒಂದು ಬೀಗದ ಕೈ ತೆಗೆದು ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿದರು. ಹೊಸದು, ಅಂಚಿನಲ್ಲಿ ಇನ್ನೂ ಎಣ್ಣೆಯಿತ್ತು.

“ಜೊರ್ಯಾದಲ್ಲಿ ಎರಡು ಕೋಣೆ. ಪಶುವೈದ್ಯರಿಗೆ ಅಂತ ಇಟ್ಟಿದ್ದೆ, ನಿಂಗೆ ಕೊಡ್ತೀನಿ. ನಲ್ಲಿ ಇದೆ, ಗ್ಯಾಸ್ ಇದೆ, ಅಜ್ಜಿಗೆ ಬಿಸಿಲಿಗೆ ಕೂರೋಕೆ ಬಾಲ್ಕನಿ ಇದೆ. ನಾಳೆ ಬೆಳಿಗ್ಗೆ ಲಾರಿ ನಾನೇ ಕಳಿಸ್ತೀನಿ.”

“ಗುಂಡಿ?” ಎಂದೆ.

“ನೀರು ಬರೋ ಮುಂಚೆ ಅವರನ್ನ ಅಲ್ಲಿಂದ ತೆಗೆಸ್ತೀನಿ. ದೊಡ್ಡ ಸ್ಮಶಾನದಲ್ಲಿ ಮಾಡಿಸ್ತೀನಿ. ಕಲ್ಲೂ ನಿಲ್ಲಿಸೋಣ, ಗ್ರಾನೈಟ್. ಯಾರಿಗಿದೆ ಹೇಳು ಗ್ರಾನೈಟ್?”

“ಕಲ್ಲಿನ ಮೇಲೆ ಏನಂತ ಬರೆಸ್ತೀರಾ?”

ಅವರು ಬೀಗದ ಕೈಯನ್ನು ಅಂಗೈಯಲ್ಲೇ ಮಗುಚಿದರು. ಹಿಂದಿನಿಂದ ಸ್ತೆಪನೀದಾ ಅತ್ತೆ, “ಹೇಳಿ, ಮಕಾರ್ ಸಾವೊವಿಚ್, ನಮಗೂ ಕೇಳ್ಸೋ ಹಾಗೆ,” ಎಂದಳು.

“ಯುದ್ಧದಲ್ಲಿ ಫ್ಯಾಸಿಸ್ಟರ ದಾಳೀಲಿ ಪ್ರಾಣ ಬಿಟ್ಟ ಗ್ರಾಮಸ್ಥರು ಅಂತ,” ಎಂದರು ಮೆಲ್ಲಗೆ. “ಬೇರೆ ಏನು ಬರೆಸಿದ್ರೂ ಕಲ್ಲು ಒಂದು ರಾತ್ರಿ ನಿಲ್ಲಲ್ಲ. ನೀನು ಓದಿದವಳು, ಅರ್ಥ ಮಾಡ್ಕೋ. ಏನಿಲ್ಲದೆ ನೀರಡಿಗೆ ಹೋಗೋದಕ್ಕಿಂತ ಅದು ಮೇಲಲ್ವಾ? ಹೂವಾದ್ರೂ ಇಡಬಹುದು. ವರ್ಷಕ್ಕೊಂದು ಸಲ ಶಾಲೆ ಮಕ್ಕಳೂ ಬರ್ತಾರೆ.”

ಅವರ ಕಣ್ಣಲ್ಲಿ ಮೋಸವಿರಲಿಲ್ಲ. ಅವರಿಂದ ಆಗುವುದರಲ್ಲಿ ಅತಿ ದೊಡ್ಡದನ್ನೇ ಅವರು ಕೊಡುತ್ತಿದ್ದರು. ಬಹುಶಃ ಅವರ ಕಡೆಯವರೂ ಅಂಥದ್ದೇ ಯಾವುದೋ ಗುಂಡಿಯಲ್ಲಿದ್ದರು. ತೊದೋಸ್ ಬೀಗದ ಕೈ ನೋಡುತ್ತಿದ್ದ. ಅವನಿಗೆ ನಲ್ಲಿ ಎಂದರೆ ಎಷ್ಟು ಆಸೆ ಎಂದು ನನಗೆ ಗೊತ್ತು. ಚಳಿಗಾಲದಲ್ಲಿ ಬಾವಿಯ ಮಂಜು ಒಡೆಯುವವನು ಅವನೇ. ನಾನು ಅಜ್ಜಿಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲಿಲ್ಲ, ಅಧ್ಯಕ್ಷರನ್ನೂ ನೋಡಲಿಲ್ಲ. ಉತ್ತರದ ಗೋಡೆಯ ಬಳಿ ನಿಂತಿದ್ದ ಲೆವ್ಕೋನ ಕೈಯಿಂದ ಮಣ್ಣುಂಡೆ ಇಸಿದುಕೊಂಡು ತಡಿಕೆಗೆ ಬಡಿದಳು.

“ಬೇಡ,” ಎಂದೆ.

“ಯಾವುದು ಬೇಡ? ಮನೆ ಬೇಡ್ವಾ, ಕಲ್ಲು ಬೇಡ್ವಾ?”

“ಎರಡೂ ಬೇಡ. ಅವರ ಮೇಲೆ ಸುಳ್ಳು ಬರೆಸಿ ನಾನು ನಲ್ಲಿ ತಿರುಗಿಸಲ್ಲ.”